ಸೋನಾಮಸೂರಿಯೂ ವಿದೇಶಾಂಗದ ವಿಷಯವೇ

ಸಿಂಧನೂರಿನ ಓದುಗರೊಬ್ಬರ ಪತ್ರ: “ಮಗಳು ಬಳ್ಳಾರಿಯಲ್ಲಿ ರಾಜ್ಯಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದಾಳೆ. ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ಪಿಎಚ್.ಡಿ. ಮಾಡುತ್ತೇನೆ ಅಂತಾಳೆ. ಭತ್ತ ಬೆಳೆಯುವ ಮನೆಯ ಹುಡುಗಿಗೆ ಅಲ್ಲೇನು ಕೆಲಸ? ಸೇರುವುದಾದರೂ ಹೇಗೆ?”

ಸಂಪಾದಕರ ಉತ್ತರ: ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಗದ್ದೆಯಲ್ಲೇ ಇದೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾಮಸೂರಿ ಚೀಲಕ್ಕೆ ಜನ ಮುಗಿಬಿದ್ದರು. 2024ರ ಸೆಪ್ಟೆಂಬರ್ 28ಕ್ಕೆ, ಟನ್ನಿಗೆ ಕನಿಷ್ಠ 490 ಡಾಲರ್ ದರ ಕಟ್ಟಿ, ಮತ್ತೆ ಬಾಗಿಲು ತೆರೆಯಿತು. ನಡುವಿನ 14 ತಿಂಗಳಲ್ಲಿ ನೇಪಾಳಕ್ಕೆ 95,000 ಟನ್, ಯುಎಇಗೆ 75,000 ಟನ್ ಎಂದು ಕೆಲವು ದೇಶಗಳಿಗೆ ಮಾತ್ರ ವಿಶೇಷ ಅನುಮತಿ ಸಿಕ್ಕಿತು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಎಂಬ ತೀರ್ಮಾನವೇ ವಿದೇಶಾಂಗ ನೀತಿ. ಅದನ್ನು ಮಿಲ್ಲಿನ ಕಡೆಯಿಂದ ನೋಡಿ ಬರೆಯುವವರು ನಮಗೆ ಬೇಕು.

ಮಗಳು ಸೇರಬೇಕೆಂದಿರುವ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆ 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಶುರುವಾಗಿ 1970ರಲ್ಲಿ ಜೆಎನ್‌ಯು ಸೇರಿತು. ಅಲ್ಲಿ ಪಿಎಚ್.ಡಿ.ಗೆ ಎಂ.ಎ.ಯಲ್ಲಿ ಶೇ 55 ಅಂಕ ಬೇಕು, ಮೀಸಲಾತಿಯವರಿಗೆ ಶೇ 50. 2024-25ರಿಂದ ಪ್ರವೇಶಕ್ಕೆ ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕವೇ ಆಧಾರ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಮಾಸಿಕ ಫೆಲೋಶಿಪ್) ಪಡೆದವರಿಗೆ ಸಂದರ್ಶನ ಮಾತ್ರ. ಉಳಿದವರಿಗೆ ನೆಟ್‌ಗೆ ಶೇ 70, ಸಂದರ್ಶನಕ್ಕೆ ಶೇ 30. ಹೀಗೆ ಉಳಿದವರ ಅಂಕ ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ, ಇದನ್ನು ಮರೆತು ಅವಕಾಶ ಕಳೆದುಕೊಳ್ಳುವುದು ಸುಲಭ. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಮೂರು ಗಂಟೆಯಲ್ಲಿ 150 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ದೆಹಲಿ ಖರ್ಚಿನ ಚಿಂತೆ ಬಹುಪಾಲು ನೀಗುತ್ತದೆ.

ಸಂದರ್ಶನದಲ್ಲಿ ಸೋಲುವುದು ಹೆಚ್ಚಾಗಿ ವಿಷಯದ ಹರವಿನಿಂದ. ‘ಭಾರತ-ಚೀನಾ ಸಂಬಂಧ’ ಎಂದು ಬರೆದುಕೊಂಡು ಹೋದರೆ ಎರಡನೇ ಪ್ರಶ್ನೆಗೇ ಮಾತು ನಿಲ್ಲುತ್ತದೆ. ಒಂದು ಸರಕು, ಒಂದು ಆದೇಶ, ಎರಡು-ಮೂರು ವರ್ಷ, ಇಷ್ಟು ಸಾಕು. ಬಳ್ಳಾರಿ-ಹೊಸಪೇಟೆ ಅದಿರು ಚೀನಾಕ್ಕೆ ಹೋಗಿದ್ದು, 2010ರಲ್ಲಿ ರಾಜ್ಯವೇ ಅದಿರು ರಫ್ತು ತಡೆದದ್ದು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟದ್ದು ಕೂಡ ಒಳ್ಳೆಯ ವಿಷಯವೇ. ಆದರೂ ನಿಮ್ಮ ಮಗಳಿಗೆ ಅಕ್ಕಿಯೇ ಸರಿ ಎನ್ನುತ್ತೇವೆ.

ಆಧಾರ ಎಲ್ಲಿಂದ? ಸರ್ಕಾರಿ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಸಾಮಾನ್ಯವಾಗಿ 25 ವರ್ಷದ ನಂತರವೇ ಸಿಗುವುದು. 2023ರದ್ದು ಈಗ ಸಿಗದು. ಹಾಗಾಗಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ, ಸಂಸತ್ತಿನ ಪ್ರಶ್ನೋತ್ತರ, ವಾಣಿಜ್ಯ ಸಚಿವಾಲಯದ ಅಂಕಿಅಂಶ ಹಿಡಿಯಬೇಕು. ಇಲ್ಲೊಂದು ತೊಡಕಿದೆ. ನಿಷೇಧ ಬಿದ್ದದ್ದು 10063090 ಎಂಬ ಸರಕು ಸಂಖ್ಯೆಯ ಮೇಲೆ. ಸೋನಾಮಸೂರಿ, ಬೇರೆ ಬಿಳಿ ಅಕ್ಕಿ ಎಲ್ಲ ಆಗ ಅದರಲ್ಲೇ ಬೆರೆತಿದ್ದವು. ರಾಯಚೂರಿನ ಅಕ್ಕಿ ಎಷ್ಟು ಹೋಯಿತು ಎಂದು ಆ ಅಂಕಿ ಹೇಳುವುದಿಲ್ಲ. ಹೇಳುವುದು ಮಿಲ್ಲಿನ ಲಾರಿ ಲೆಕ್ಕ, ಎಪಿಎಂಸಿಯ ಆವಕ ಪುಸ್ತಕ. ಅವನ್ನು ಓದಲು, ಕೇಳಿ ಪಡೆಯಲು ದೆಹಲಿಯ ವಿದ್ಯಾರ್ಥಿಗಿಂತ ನಿಮ್ಮ ಮಗಳಿಗೇ ಅನುಕೂಲ.

ಈ ರಜೆಯಲ್ಲೇ ಸಿಂಧನೂರು, ಕಾರಟಗಿ, ಗಂಗಾವತಿಯ ನಾಲ್ಕೈದು ಮಿಲ್ಲುಗಳಲ್ಲಿ ಕೂತು 2022ರಿಂದ 2024ರ ತನಕದ ಲೆಕ್ಕ ತಿಂಗಳುವಾರು ಬರೆದುಕೊಳ್ಳಲಿ. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಲಿ.