ನೋಡುವವನು ಯಾರು? ಫಗ್ಗುಣನೂ ಇದನ್ನೇ ಕೇಳಿದ್ದ

ನಿಮ್ಮ ಪ್ರಶ್ನೆ ಇಷ್ಟು: ಬೌದ್ಧರು ಆತ್ಮವನ್ನು ಒಪ್ಪುವುದಿಲ್ಲ. ಆದರೆ ಧ್ಯಾನಕ್ಕೆ ಕುಳಿತಾಗ ಯೋಚನೆಗಳು ಬಂದು ಹೋಗುವುದು ಕಾಣುತ್ತದೆ. ಕಾಣುತ್ತದೆ ಎಂದಮೇಲೆ ಕಾಣುವವನೊಬ್ಬ ಇರಲೇಬೇಕಲ್ಲವೇ? ಅವನೂ ಇಲ್ಲವೆಂದರೆ ಭಯವಾಗುತ್ತದೆ ಎಂದೂ ಬರೆದಿದ್ದೀರಿ.

ಬುದ್ಧನ ಉಪದೇಶಗಳ ಪಾಳಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಮೋಳಿಯ ಫಗ್ಗುಣನೆಂಬ ಭಿಕ್ಷು ಬುದ್ಧನನ್ನು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾನೆ: ವೇದನೆಯನ್ನು (ಇಲ್ಲಿ ನೋವು ಮಾತ್ರವಲ್ಲ, ಸುಖ-ದುಃಖಗಳ ಯಾವುದೇ ಅನುಭವ) ಅನುಭವಿಸುವವನು ಯಾರು? ಬುದ್ಧ ‘ಯಾರೂ ಇಲ್ಲ’ ಎನ್ನುವುದಿಲ್ಲ. ಪ್ರಶ್ನೆಯೇ ಸರಿಯಲ್ಲ ಎನ್ನುತ್ತಾನೆ. ಒಬ್ಬನು ಅನುಭವಿಸುತ್ತಾನೆ ಎಂದು ತಾನು ಹೇಳಿಯೇ ಇಲ್ಲ. ಏನಿದ್ದರೆ ವೇದನೆ ಉಂಟಾಗುತ್ತದೆ ಎಂದು ಕೇಳಬೇಕು. ಸ್ಪರ್ಶವಿದ್ದರೆ, ಅಂದರೆ ಇಂದ್ರಿಯ, ವಿಷಯ, ಅರಿವು ಒಂದೆಡೆ ಸೇರಿದರೆ, ವೇದನೆ ಉಂಟಾಗುತ್ತದೆ, ಅದೇ ಉತ್ತರ.

ಕನ್ನಡಿಗರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ನಾವು ‘ನೆನಪಾಯಿತು’, ‘ಹಸಿವಾಗುತ್ತಿದೆ’, ‘ಕೇಳಿಸಿತು’ ಎನ್ನುತ್ತೇವೆ. ಅಲ್ಲಿ ಮಾಡುವವನಿಲ್ಲ, ಆಗುವುದು ಮಾತ್ರ ಇದೆ. ‘ನನಗೆ’ ಎಂದು ಸೇರಿಸಬಹುದು, ಬಿಡಲೂಬಹುದು. ವ್ಯಾಕರಣದಿಂದ ತತ್ವ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ‘ಕ್ರಿಯೆ ಇದ್ದರೆ ಕರ್ತೃ ಇರಲೇಬೇಕು’ ಎಂಬ ಹಟ ಸಡಿಲಗೊಳ್ಳಲು ಇಷ್ಟು ಸಾಕು.

ಹತ್ತು ದಿನದ ಶಿಬಿರವೊಂದರಲ್ಲಿ ನನ್ನ ಎಡ ಮಂಡಿ ಉರಿಯುತ್ತಿತ್ತು. ನೋವು ಅಲ್ಲಿ, ನೋಡುವ ನಾನು ಇಲ್ಲಿ, ಕಣ್ಣುಗಳ ಹಿಂದೆ ಎಲ್ಲೋ ಸುರಕ್ಷಿತವಾಗಿ ಇದ್ದೇನೆ ಎನ್ನಿಸುತ್ತಿತ್ತು. ಆ ‘ಇಲ್ಲಿ’ಯ ಕಡೆಗೇ ಗಮನ ತಿರುಗಿಸಿದೆ. ಸಿಕ್ಕಿದ್ದು ಹುಬ್ಬುಗಳ ನಡುವೆ ಸಣ್ಣ ಬಿಗಿತ, ಅರ್ಧ ಹಿಡಿದ ಉಸಿರು, ‘ನೋಡುತ್ತಿದ್ದೇನೆ’ ಎಂಬ ಮೆಲುದನಿ. ಮೂರೂ ಬಂದು ಹೋಗುವಂಥವೇ. ಅಷ್ಟರಲ್ಲಿ ಚಹಾದ ಗಂಟೆ ಬಾರಿಸಿತು. ಒಂದು ಕ್ಷಣ ಸದ್ದು ಮಾತ್ರ ಇತ್ತು. ಮಂಡಿಯೂ ಇರಲಿಲ್ಲ, ನೋಡುವವನೂ ಇರಲಿಲ್ಲ. ‘ನಾನು ಕೇಳಿದೆ’ ಎಂಬುದು ಆಮೇಲೆ ಬಂದು ಸೇರಿಕೊಂಡಿತು.

‘ಆ ಮೂರನ್ನೂ ಅರಿತದ್ದು ಯಾವುದು? ಅದೇ ಸಾಕ್ಷಿ’ ಎಂದು ವೇದಾಂತಿಗಳು ಹೇಳುತ್ತಾರೆ. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಅದು. ದೃಷ್ಟಿಯ ದ್ರಷ್ಟಾರನನ್ನು ನೀನು ನೋಡಲಾರೆ ಎಂದು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಉಷಸ್ತನಿಗೆ ಹೇಳುತ್ತಾನೆ. ಆ ಸಾಕ್ಷಿ ವಸ್ತುವಾಗಿ ಸಿಗುವಂಥದ್ದೇ ಅಲ್ಲ. ಬೌದ್ಧರು ಬೇರೆಯಾಗುವುದು ಇಲ್ಲಿ: ಅರಿವು ಇದೆ ಎಂಬುದನ್ನು ಅವರೂ ಒಪ್ಪುತ್ತಾರೆ, ಅದು ಒಂದೇ, ನಿತ್ಯ, ಯಾವುದನ್ನೂ ಅವಲಂಬಿಸದ್ದು ಎಂಬುದನ್ನು ಒಪ್ಪುವುದಿಲ್ಲ. ಬೆಸ್ತರ ಮಗ ಸಾತಿ ಎಂಬ ಭಿಕ್ಷು, ಇದೇ ವಿಜ್ಞಾನ (ಅಂದರೆ ಅರಿವು) ಬದಲಾಗದೆ ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ ಎಂದಾಗ ಬುದ್ಧ ಕಟುವಾಗಿಯೇ ತಿದ್ದಿದ. ಕಟ್ಟಿಗೆಯಿಂದ ಹೊತ್ತಿದರೆ ಕಟ್ಟಿಗೆಯ ಬೆಂಕಿ, ಸಗಣಿಯಿಂದ ಹೊತ್ತಿದರೆ ಸಗಣಿಯ ಬೆಂಕಿ. ಹಾಗೆಯೇ ಕಣ್ಣು ಮತ್ತು ರೂಪದಿಂದ ಹುಟ್ಟಿದ್ದು ಕಣ್ಣಿನ ಅರಿವು, ಕಿವಿ ಮತ್ತು ಸದ್ದಿನಿಂದ ಹುಟ್ಟಿದ್ದು ಕಿವಿಯ ಅರಿವು. ಉರುವಲನ್ನೆಲ್ಲ ತೆಗೆದ ಮೇಲೂ ಉಳಿಯುವ ಬೆಂಕಿ ಯಾವುದು ಎಂದು ಹುಡುಕಹೊರಟರೆ ಏನು ಸಿಗುತ್ತದೆ? ನನಗೆ ಈ ಉಪಮೆಯೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಕುಳಿತಾಗ ನನಗೆ ಕಂಡದ್ದು ಇದಕ್ಕೇ ಹೊಂದುತ್ತದೆ.

ಇನ್ನು ನಿಮ್ಮ ಭಯ. ವಚ್ಛಗೋತ್ತನೆಂಬ ಪರಿವ್ರಾಜಕ ‘ಆತ್ಮವಿದೆಯೇ?’ ಎಂದ, ಬುದ್ಧ ಮೌನ. ‘ಹಾಗಾದರೆ ಇಲ್ಲವೇ?’ ಎಂದ, ಆಗಲೂ ಮೌನ. ಅವನು ಎದ್ದುಹೋದ ಮೇಲೆ ಬುದ್ಧನ ಶಿಷ್ಯ ಆನಂದ ಕಾರಣ ಕೇಳಿದ. ಇಲ್ಲವೆಂದಿದ್ದರೆ, ಮೊದಲೇ ಗೊಂದಲದಲ್ಲಿದ್ದ ಆತ ‘ಹಿಂದೆ ನನಗಿದ್ದ ಆತ್ಮ ಈಗ ಇಲ್ಲವಾಯಿತು’ ಎಂದು ಇನ್ನಷ್ಟು ಗೊಂದಲಕ್ಕೆ ಬೀಳುತ್ತಿದ್ದ ಎಂದ ಬುದ್ಧ.