54 ವರ್ಷದ ಅಪ್ಪ ಅಡಿಕೆ ಮರದಿಂದ ಬಿದ್ದ ಮೇಲೆ ಮನೆಯಲ್ಲೇ ಇದ್ದಾರೆ. ಈ ವಯಸ್ಸಿನಲ್ಲಿ ಅವರಿಗೆ ಕೆಲಸವೋ ತರಬೇತಿಯೋ ಸಿಗುತ್ತಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪ ಹೊಸನಗರದ ಕಡೆ ಕೊನೆಗಾರರಾಗಿದ್ದರು, ಅಂದರೆ ಮರ ಹತ್ತಿ ಅಡಿಕೆ ಗೊನೆ (ನಮ್ಮ ಕಡೆ ಕೊನೆ) ಇಳಿಸುವವರು. ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟಕ್ಕೆ, ಬಲಗಾಲಿಗೆ ಪೆಟ್ಟಾಯಿತು. ಈಗ ಊರುಗೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ನೀವು ಬೆಂಗಳೂರಿನಲ್ಲಿದ್ದೀರಿ, ಅವರನ್ನು ಯಾವ ತರಬೇತಿಗೆ ಸೇರಿಸಲಿ ಅಂತ ಕೇಳಿದ್ದೀರಿ. ಇಷ್ಟೆಲ್ಲ ಬರೆದಿದ್ದೀರಿ, ಆದರೆ ಅವರಿಗೆ ಏನು ಮಾಡಬೇಕು ಅಂತ ಮನಸ್ಸಿದೆ ಅನ್ನೋದು ಎಲ್ಲೂ ಇಲ್ಲ.

ತಪ್ಪು ಹುಡುಕುತ್ತಿಲ್ಲ ಮಾರಾಯ್ರೇ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದಕ್ಕೇ ಕಣ್ಣಿಗೆ ಬಿತ್ತು.

ನಾನು ತೀರ್ಥಹಳ್ಳಿ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಎಲ್ಲರೂ ವಿ.ಆರ್.ಡಬ್ಲ್ಯು. ಅಂತಲೇ ಕರೆಯುತ್ತಾರೆ. ಈ ಕೆಲಸಕ್ಕೆ ವಿಕಲಚೇತನರನ್ನೇ ತೆಗೆದುಕೊಳ್ಳುತ್ತಾರೆ. ನನಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸಣ್ಣದಾಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲಿ ಒಬ್ಬರು ಕೊನೆಗಾರರು ಬಿದ್ದರು, ವಯಸ್ಸು 51. ಆಗ ಒಂದು ಕಡೆ ಟೈಲರಿಂಗ್ ತರಬೇತಿ ನಡೆಯುತ್ತಿತ್ತು, ಸೀಟು ಖಾಲಿ ಇತ್ತು. ಕೂತು ಮಾಡುವ ಕೆಲಸ, ಇವರಿಗೆ ಸರಿಹೋಗುತ್ತೆ ಅಂತ ನಾನೇ ಅರ್ಜಿ ತುಂಬಿ ಕಳಿಸಿದೆ. ನಾಲ್ಕನೇ ದಿನಕ್ಕೆ ವಾಪಸ್ ಬಂದರು. ಯಾಕೆ ಅಂತ ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸಿದರು. ನಮ್ಮವರೇ ಕೆಲವರು "ಅವರಿಗೆ ದುಡಿಯೋ ಮನಸ್ಸಿಲ್ಲ" ಅಂದರು. ನಾನೂ ಸ್ವಲ್ಪ ದಿನ ಹಾಗೇ ಅಂದುಕೊಂಡಿದ್ದೆ.

ಕಾರಣ ಹೇಳಿದ್ದು ಅವರ ಹೆಂಡತಿ. ಒಲೆ ಮುಂದೆ ಕೂತು ಕಾಫಿ ಕಾಸುತ್ತಾ ಮೆಲ್ಲಗೆ ಹೇಳಿದರು. ಆ ಕಟ್ಟಡದಲ್ಲಿ ಇದ್ದದ್ದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಇವರಿಗೆ ಮಂಡಿ ಮಡಚೋಕೆ ಆಗಲ್ಲ. ಆ ಭಯಕ್ಕೆ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಮೂರು ದಿನ ಕಳೆದಿದ್ದಾರೆ. ಸಾಲದ್ದಕ್ಕೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಿಸುತ್ತಿರಲಿಲ್ಲ. ಐವತ್ತು ದಾಟಿದವರಿಗೆ ಹತ್ತಿರದ್ದು ಕಾಣಲ್ಲ ಅನ್ನೋದು ನಮಗೆಲ್ಲ ಗೊತ್ತಿರುವ ವಿಷಯ, ಆದರೆ ಕನ್ನಡಕ ಇದೆಯಾ ಅಂತ ನಾನು ಕೇಳಿರಲಿಲ್ಲ. ಕಾಲಿನ ಕಡೆ ಮಾತ್ರ ನೋಡಿದ್ದೆ.

ವಯಸ್ಸಾದವರ ವಿಷಯದಲ್ಲಿ ಜಾಸ್ತಿ ಆಗೋದು ಇದೇ. ಊನ ಒಂದೇ ಇರಲ್ಲ. ಕಣ್ಣು, ಕಿವಿ, ಸಕ್ಕರೆ ಕಾಯಿಲೆ, ರಾತ್ರಿ ನಿದ್ದೆ ಇಲ್ಲದ್ದು ಎಲ್ಲ ಸೇರಿಕೊಂಡಿರುತ್ತೆ. ಅದಕ್ಕೇ ತರಬೇತಿ ಹುಡುಕುವ ಮೊದಲು ಒಂದು ಸಲ ಕಣ್ಣು ತೋರಿಸಿ, ಕನ್ನಡಕ ಮಾಡಿಸಿ. ಆಮೇಲೆ ಮನೆಯಿಂದ ಬಸ್ ನಿಲ್ಲುವ ಜಾಗದವರೆಗೆ ಅವರ ಜೊತೆ ನೀವೇ ಒಂದು ಸಲ ನಡೆದು ನೋಡಿ. ನಮ್ಮ ಕಡೆ ಮನೆಯಿಂದ ರಸ್ತೆಗೆ ಬರಲು ಒಂದು ದರೆ, ಒಂದು ಕಾಲುಸಂಕ, ನೂರು ಗಜ ಜಾರುವ ಮಣ್ಣು ಇರುತ್ತೆ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರುಗೋಲಿನವರಿಗೆ ಆ ನೂರು ಗಜವೇ ದೊಡ್ಡ ತಡೆ. ದಿನಾ ಹೋಗಿಬರುವ ಕೆಲಸವೋ, ಅಲ್ಲೇ ಉಳಿಯುವ ತರಬೇತಿಯೋ, ಮನೆಯಲ್ಲೇ ಮಾಡುವ ಕೆಲಸವೋ ಅನ್ನೋದು ಅರ್ಧ ಅಲ್ಲೇ ತೀರ್ಮಾನ ಆಗುತ್ತೆ.

ಆ ಕೊನೆಗಾರರ ಕಥೆ ಮುಗಿಸುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ಮತ್ತೆ ಅವರ ಮನೆಗೆ ಹೋಗಿದ್ದೆ. ಪಕ್ಕದ ತೋಟದಲ್ಲಿ ಹುಡುಗರು ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ಕೊನೆ ತೆಗೆಯುತ್ತಿದ್ದರು. ಈಗ ಮರ ಹತ್ತೋರು ಕಮ್ಮಿ, ನೆಲದ ಮೇಲೇ ನಿಂತು ದೋಟಿ ಎತ್ತುತ್ತಾರೆ. ಇವರು ಜಗುಲಿಯ ಮೇಲೆ ಕೂತು ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ "ಛೇ, ಅದನ್ನ ಇನ್ನೊಂದು ಹದಿನೈದು ದಿನ ಬಿಡಬೇಕಿತ್ತು" ಅಂದರು. ಆಮೇಲೆ ಬೆರಳು ತೋರಿಸುತ್ತಾ ಹೋದರು. ಇದು ಈಗ ಇಳಿಸಿದರೆ ಸರಕು ಆಗುತ್ತೆ, ಅದು ಬೆಟ್ಟೆ, ಆಚೆಯದು ರಾಶಿಗೆ ಸರಿ, ಆ ಮೂಲೆಯದು ಬಲಿತುಹೋಯ್ತು, ಇನ್ನು ಗೋಟೇ ಗತಿ. ಇವೆಲ್ಲ ಕಾಯಿ ಎಷ್ಟು ಬಲಿತಿದೆ ಅನ್ನೋದರ ಮೇಲೆ ಆಗುವ ಅಡಿಕೆಯ ದರ್ಜೆಗಳು. ಅಷ್ಟು ಎತ್ತರದ ಕೊನೆಯನ್ನು ಕೆಳಗೆ ಕೂತು ಓದುತ್ತಿದ್ದರು. ಹತ್ತಿರದ ಸೂಜಿ ಕಾಣದ ಕಣ್ಣಿಗೆ ದೂರದ ಕೊನೆ ಚೆನ್ನಾಗೇ ಕಾಣುತ್ತಿತ್ತು. ಅಡಿಕೆ ಮಾರುಕಟ್ಟೆ ನೋಡಿದವರಿಗೆ ಗೊತ್ತು, ಸರಕಿಗೂ ರಾಶಿಗೂ ರೇಟಿನಲ್ಲಿ ಎಷ್ಟು ವ್ಯತ್ಯಾಸ ಅಂತ.

ಇವರನ್ನು ಕೆಲಸಕ್ಕೆ ಕರೆಯಿರಿ ಅಂತ ಅವತ್ತೇ ಆ ತೋಟದ ಯಜಮಾನರ ಹತ್ತಿರ ಮಾತಾಡಿದೆ. ಅವರಿಗೆ ಮನಸ್ಸಿರಲಿಲ್ಲ. ಬಿದ್ದರೆ ಯಾರು ಹೊಣೆ ಅಂದರು, ಅದು ನ್ಯಾಯವಾದ ಪ್ರಶ್ನೆಯೇ. ಹತ್ತು ದಿನ ನೋಡಿ, ಸರಿಬರದಿದ್ದರೆ ಬೇಡ ಅಂದೆ. ತೋಟದ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಇವರು ತೋರಿಸಿದ ಕೊನೆಯನ್ನೇ ಹುಡುಗರು ಇಳಿಸಿದರು. ಲೆಕ್ಕವನ್ನೂ ಇವರೇ ಬರೆದರು. ಸಂಜೆ ಹಂಡೆ ಹತ್ತಿರ ಕೂತು ಅಡಿಕೆ ಬೇಯಿಸುವುದನ್ನು ನೋಡಿಕೊಂಡರು. ಒಣಗಿದ ಮೇಲೆ ಅಡಿಕೆ ಆರಿಸುವ ಕೆಲಸವೂ ಬಂತು. ಅದಕ್ಕೆ ನೆಲದ ಮೇಲೆ ಕೂರೋಕೆ ಆಗಲ್ಲ ಅಂತ ಊರಿನ ಆಚಾರ್ರ ಹತ್ತಿರ ಒಂದೂವರೆ ಅಡಿ ಎತ್ತರದ ಬೆಂಚು, ಅದಕ್ಕೆ ತಕ್ಕ ಎತ್ತರದ ಒಂದು ಹಲಗೆ ಮಾಡಿಸಿದೆವು. ಹಳೇ ಹಲಸಿನ ಹಲಗೆ, ಖರ್ಚು ಬಂದಿದ್ದು ಆಚಾರ್ರ ಅರ್ಧ ದಿನದ ಕೂಲಿ. ಕೂಲಿ ಮರ ಹತ್ತುತ್ತಿದ್ದಾಗಿನಷ್ಟು ಬರಲ್ಲ, ಅದನ್ನು ಮುಚ್ಚಿಡಲ್ಲ. ಆದರೆ ಆ ಸೀಸನ್ನು ಪೂರ್ತಿ ಕೆಲಸಕ್ಕೆ ಹೋದರು. ಮುಂದಿನ ವರ್ಷ ಇನ್ನೊಂದು ತೋಟದವರು ತಾವಾಗೇ ಕರೆದರು.

ಪಾಯಿಖಾನೆಗೆ ಒಂದು ಕಮೋಡ್ ಕುರ್ಚಿ ಬೇಕಾಯಿತು. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು ಅಂತ ನಿಯಮ ಇದೆ. ಇಂಥದ್ದಕ್ಕೆ ಆ ಹಣ ಕೇಳಿ. ವರ್ಷದ ಕೊನೆಗೆ ಗಡಿಬಿಡಿಯಲ್ಲಿ ಏನಾದರೂ ಕೊಂಡು ಹಂಚುವುದಕ್ಕಿಂತ ಯಾರಿಗೆ ಏನು ಬೇಕು ಅಂತ ಮೊದಲೇ ಅರ್ಜಿ ಬಂದಿದ್ದರೆ ಪಿಡಿಒಗಳಿಗೂ ಅನುಕೂಲ.

ಈಗ ಕಾಗದದ ವಿಷಯ. ನಿಮ್ಮ ಅಪ್ಪನ ಹತ್ತಿರ ಯು.ಡಿ.ಐ.ಡಿ. ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದೆಯಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಇವತ್ತೇ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಬೆಂಗಳೂರಿನಲ್ಲಿ ಕೂತೇ ಹಾಕಬಹುದು. ಆಮೇಲೆ ಅವರನ್ನು ವೈದ್ಯರ ಮುಂದೆ ಕರೆದುಕೊಂಡು ಹೋಗಬೇಕು. ಹೆಚ್ಚಿನವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಾರೆ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು, ಎಕ್ಸ್‌ರೇ ಫಿಲ್ಮುಗಳನ್ನೂ ತೆಗೆದುಕೊಂಡು ಹೋಗಿ. ಹೆಚ್ಚಿನ ಸೌಲಭ್ಯಗಳು ಊನ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ. ಅಂಕಿ ತೀರಾ ಕಮ್ಮಿ ಬಂತು ಅನಿಸಿದರೆ ಮೇಲ್ಮನವಿ ಹಾಕಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಅವಕಾಶ ಇದೆ. ಪರ್ಸೆಂಟೇಜ್ ಜಾಸ್ತಿ ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವರು ಸಿಗುತ್ತಾರೆ. ದಯವಿಟ್ಟು ಕೊಡಬೇಡಿ.

ವಯಸ್ಸಿನ ಮಿತಿ ನೋಡಿಕೊಂಡೇ ಬಾಗಿಲು ತಟ್ಟಬೇಕು. ಇಲ್ಲದಿದ್ದರೆ ಆ ವಯಸ್ಸಿನವರಿಗೆ ಪ್ರತಿ ಸಲ ಇಲ್ಲ ಅನ್ನಿಸಿಕೊಳ್ಳೋದು ತುಂಬಾ ನೋವು ಕೊಡುತ್ತೆ. ಒಂದು ಕಚೇರಿಯಲ್ಲಿ ನನ್ನ ಎದುರಿಗೇ ಒಬ್ಬರಿಗೆ "ಈ ವಯಸ್ಸಲ್ಲಿ ಯಾಕೆ ಅಜ್ಜ" ಅಂದರು. ಅವರಿಗಿನ್ನೂ 56. ಮತ್ತೆ ಅವರು ಯಾವ ಕಚೇರಿ ಮೆಟ್ಟಿಲೂ ಹತ್ತಲಿಲ್ಲ.

ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4ರ ಮೀಸಲಾತಿ ಇದೆ, ನಮ್ಮ ರಾಜ್ಯದ ನೇಮಕಾತಿಯಲ್ಲಿ ವಿಕಲಚೇತನರಿಗೆ 10 ವರ್ಷದ ಸಡಿಲಿಕೆಯೂ ಇದೆ. ಆದರೂ 54ಕ್ಕೆ ಅದು ದಾಟಿಹೋಗಿದೆ. ಅದರ ಹಿಂದೆ ಓಡಾಡಿಸಬೇಡಿ. ಜಿಲ್ಲೆಗೊಂದು ಇರುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯದ್ದು, ಊಟ ವಸತಿ ಎಲ್ಲ ಉಚಿತ. ಆದರೆ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ವಯಸ್ಸಿನ ಮೇಲ್ಮಿತಿ ಇರುತ್ತೆ, 54 ಅದನ್ನು ದಾಟುತ್ತೆ. ಅಪ್ಪನಿಗಲ್ಲ, ಅಮ್ಮನಿಗೋ ತಂಗಿಗೋ ವಯಸ್ಸು ಹೊಂದಿದರೆ ನೋಡಬಹುದು. ಮನೆಯಲ್ಲಿ ಇಬ್ಬರು ಸೇರಿ ಮಾಡುವ ಕೆಲಸವಾದರೆ ಒಬ್ಬರು ಕಲಿತು ಬಂದರೂ ಸಾಕು.

ವಯಸ್ಸಿನ ಮೇಲ್ಮಿತಿ ಇಲ್ಲದ್ದು ಅಂದರೆ ಪಿ.ಎಂ. ವಿಶ್ವಕರ್ಮ, ಕೈಕಸುಬಿನವರಿಗೆ ಕೇಂದ್ರ ಸರ್ಕಾರದ ಯೋಜನೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. 18 ಕಸುಬುಗಳಿವೆ. ಬಡಗಿ, ಕಮ್ಮಾರ, ದರ್ಜಿ, ಚಪ್ಪಲಿ ಹೊಲಿಯುವವರು, ಹೂಮಾಲೆ ಕಟ್ಟುವವರು, ಬುಟ್ಟಿ, ಚಾಪೆ, ಪೊರಕೆ ಮಾಡುವವರು ಎಲ್ಲ ಬರುತ್ತಾರೆ. ಕೆಲವು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಬೇಕಿದ್ದರೆ ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಕೊನೆಗಾರಿಕೆ ಆ ಪಟ್ಟಿಯಲ್ಲಿಲ್ಲ. ಆದರೆ ಎಷ್ಟೋ ಕೊನೆಗಾರರಿಗೆ ಬುಟ್ಟಿ ಹೆಣೆಯೋಕೆ ಬರುತ್ತೆ. ನಿಮ್ಮ ಅಪ್ಪ ನಿಜವಾಗಿ ಆ ಕಸುಬು ಮಾಡುತ್ತಿದ್ದರೆ ಹಾಕಿ. ಮಾಡದೇ ಇದ್ದರೆ ಸುಳ್ಳು ಬರೆಸಬೇಡಿ, ಪಂಚಾಯಿತಿ ಪರಿಶೀಲನೆಯಲ್ಲಿ ಅವರೇ ತಲೆ ತಗ್ಗಿಸಬೇಕಾಗುತ್ತೆ.

ಸಾಲ ಮಾಡಿ ಏನಾದರೂ ಶುರು ಮಾಡುತ್ತೇವೆ ಅಂದರೆ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ನಿಗಮದ ಕಮ್ಮಿ ಬಡ್ಡಿಯ ಸಾಲ ಇದೆ, ಶೇ 40 ಊನ ಇರುವ 18 ದಾಟಿದವರಿಗೆ. ಬ್ಯಾಂಕಿನ ಮೂಲಕ ಹೋಗಬೇಕು. ನನಗೆ ಮಾತ್ರ, ಮೊದಲನೇ ವರ್ಷವೇ ಸಾಲ ಅನ್ನೋದು ಒಪ್ಪಿಗೆ ಇಲ್ಲ. ಬಿದ್ದವರ ಮನೆಯಲ್ಲಿ ಆಸ್ಪತ್ರೆಯ ಸಾಲವೇ ತೀರಿರಲ್ಲ. ಅದಕ್ಕಿಂತ ಸಂಘ ಒಳ್ಳೆಯದು. ಸಂಜೀವಿನಿಯಲ್ಲಿ, ಅಂದರೆ ಸರ್ಕಾರದ ಸ್ವಸಹಾಯ ಸಂಘಗಳ ಯೋಜನೆಯಲ್ಲಿ, ಮಹಿಳೆಯರ ಸಂಘವೇ ಜಾಸ್ತಿ, ಆದರೆ ವಿಕಲಚೇತನರದ್ದಾದರೆ ಗಂಡಸರೂ ಹೆಂಗಸರೂ ಒಟ್ಟಿಗೆ ಇರಬಹುದು, ಐದೇ ಜನ ಇದ್ದರೂ ಸಾಕು. ನಮ್ಮಲ್ಲಿ ಅಂಥದ್ದೊಂದು ಇದೆ. ದುಡ್ಡಿಗಿಂತ ಹೆಚ್ಚಾಗಿ, ತಿಂಗಳಿಗೊಮ್ಮೆ ಮನೆಯಿಂದ ಹೊರಗೆ ಬಂದು ತಮ್ಮಂಥವರ ಜೊತೆ ಕೂತು ಮಾತಾಡೋಕೆ ಒಂದು ನೆಪ ಸಿಕ್ಕಿದೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಸರ್ಕಾರಿ ಸಂಸ್ಥೆಯಲ್ಲಿ ಕೆಲಸದಲ್ಲಿರುವಾಗಲೇ ಊನವಾದರೆ ಆ ಕಾರಣಕ್ಕೆ ಅವರನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗೆ ಇಳಿಸುವಂತಿಲ್ಲ. ಬೇರೆ ಕೆಲಸಕ್ಕೆ ಹಾಕಬಹುದು, ಸಂಬಳ ಅಷ್ಟೇ ಇರಬೇಕು. ಇದು 2016ರ ಕಾಯ್ದೆಯ 20ನೇ ಕಲಂ. ತಿಳಿಯದೆ ರಾಜೀನಾಮೆ ಬರೆದುಕೊಟ್ಟವರಿದ್ದಾರೆ. ಬರೆಯಬೇಡಿ. ಖಾಸಗಿ ಕಾರ್ಖಾನೆಯಲ್ಲಿದ್ದು ಇ.ಎಸ್.ಐ. ಕಟ್ಟುತ್ತಿದ್ದವರು ಕೆಲಸದಲ್ಲಿ ಪೆಟ್ಟಾಗಿದ್ದರೆ ಅಂಗವಿಕಲತೆಯ ಪರಿಹಾರ ಕೇಳಬೇಕು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ಫಾರಂ ಗೀರಂ ಏನೂ ತೆಗೆಯಬೇಡಿ. ಅಪ್ಪನ ಜೊತೆ ಜಗುಲಿಯಲ್ಲಿ ಕೂತು ತೋಟದ ವಿಷಯ ತೆಗೆಯಿರಿ. ಈ ವರ್ಷ ಕೊಳೆ ರೋಗ ಎಷ್ಟಿದೆ, ಔಷಧಿ ಎಷ್ಟು ಸಲ ಹೊಡೆದರು, ಯಾರ ತೋಟದಲ್ಲಿ ಯಾರು ಕೊನೆ ಇಳಿಸುತ್ತಾರೆ ಅಂತ ಕೇಳಿ. ಎಲ್ಲಿ ಅವರ ದನಿ ಏರುತ್ತೆ ಅಂತ ಗಮನಿಸಿ. ಮತ್ತೆ ಮರದ ಹತ್ತಿರ ಹೋಗೋಕೇ ಭಯ ಅಂದರೆ ಅದನ್ನೂ ನಂಬಿ, ಒತ್ತಾಯ ಮಾಡಬೇಡಿ. ಬಿದ್ದವರಲ್ಲಿ ಕೆಲವರಿಗೆ ತೋಟದ ಕಡೆ ಮುಖ ಮಾಡೋಕೂ ಆಗಲ್ಲ. ಅಂಥವರೊಬ್ಬರು ಈಗ ಸೊಸೈಟಿ ಹತ್ತಿರ ಹಾಳೆ ತಟ್ಟೆ ಮಾಡುವ ಶೆಡ್‌ನಲ್ಲಿ ತಟ್ಟೆ ಎಣಿಸಿ ಕಟ್ಟುವ ಕೆಲಸ ಮಾಡುತ್ತಾರೆ.

ಸಾಧ್ಯವಾದರೆ ಮಳೆ ನಿಲ್ಲುವ ಮೊದಲೇ ಹೋಗಿ. ದಸರಾ ಹೊತ್ತಿಗೆ ತೋಟದವರು ಯಾರ ಯಾರನ್ನು ಕರೆಯೋದು ಅಂತ ಗೊತ್ತುಮಾಡಿಕೊಂಡು ಬಿಟ್ಟಿರುತ್ತಾರೆ, ಆಮೇಲೆ ಕೇಳಿದರೆ ಒಂದು ವರ್ಷ ಕಾಯಬೇಕು.

ನಿಮ್ಮದು ಯಾವ ಪಂಚಾಯಿತಿ ಅಂತ ಒಂದು ಸಾಲು ತಿಳಿಸಿ. ಅಲ್ಲಿಯೂ ನನ್ನ ಹಾಗೆ ಒಬ್ಬರು ವಿ.ಆರ್.ಡಬ್ಲ್ಯು. ಇರುತ್ತಾರೆ, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ನಿಮ್ಮ ಅಪ್ಪನ ಹೆಸರು ಇಲ್ಲಿ ಬರೆಯಬೇಡಿ. ಪಂಚಾಯಿತಿ ಗೊತ್ತಾದರೆ ಸಾಕು, ನಾನೇ ಫೋನ್ ಮಾಡಿ ಅವರನ್ನು ಮನೆಗೆ ಹೋಗಿ ಬರಲು ಹೇಳುತ್ತೇನೆ.