ಉತ್ತರ: 'ತತ್ತ್ವಮಸಿ'ಗೆ ಎರಡು ಉಲ್ಟಾ ಅರ್ಥ ಹೇಗೆ?

ಛಾಂದೋಗ್ಯ ಉಪನಿಷತ್ತಿನ ಈ ಮಾತಿನಲ್ಲಿ ಗೊಂದಲ ಇರುವುದು ಪದ ಬಿಡಿಸುವುದರಲ್ಲಿ. ಹುಬ್ಬಳ್ಳಿ ಸಿದ್ಧಾರೂಢ ಮಠದಲ್ಲಿ 'ನೀನೇ ಅದು', ಅಂದರೆ ನೀನೇ ಬ್ರಹ್ಮ, ಅಂತ ಕೇಳಿದಿರಿ, ಸವಣೂರಿನ ಮಾಧ್ವ ಪ್ರವಚನದಲ್ಲಿ 'ನೀನು ಅದಲ್ಲ' ಅಂತ. ವಾಕ್ಯ ಒಂದೇ, ಬಿಡಿಸುವ ಜಾಗ ಬೇರೆ.

ಮೊದಲು ಹಿಂದಿನ ಪದವನ್ನೂ ಸೇರಿಸಿ ಬರೆದುಕೊಳ್ಳಿ: 'ಸ ಆತ್ಮಾತತ್ತ್ವಮಸಿ'. ಈಗ ಬಿಡಿಸಿ. 'ಆತ್ಮಾ + ತತ್' (ಅದು) ಅಂದರೆ ಶಂಕರರ ದಾರಿ, 'ನೀನೇ ಅದು'. 'ಆತ್ಮಾ + ಅತತ್' (ಅದಲ್ಲ) ಅಂದರೆ ಮಧ್ವರ ದಾರಿ, 'ನೀನು ಅದಲ್ಲ'. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿಯೇ ಅಲ್ವಾ, ಆ ಮತ್ತು ಅ ಸೇರಿ ಆ. ಬಾಯಲ್ಲಿ ಹೇಳುವಾಗ ಎರಡೂ ಒಂದೇ ಥರ ಕೇಳುತ್ತವೆ. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ, ಹಾಗಾಗಿ ಅದೊಂದರಿಂದಲೇ ತೀರ್ಪು ಸಿಗುವುದಿಲ್ಲ.

ಆಮೇಲೆ ಛಾಂದೋಗ್ಯದ 6ನೇ ಅಧ್ಯಾಯ ಓದಿ. ಉದ್ದಾಲಕ ಮಗ ಶ್ವೇತಕೇತುವಿಗೆ ಈ ಮಾತನ್ನು 9 ಸಲ ಹೇಳುತ್ತಾನೆ. 13ನೇ ಖಂಡದಲ್ಲಿ ರಾತ್ರಿ ನೀರಿಗೆ ಉಪ್ಪು ಹಾಕಿಸುತ್ತಾನೆ. ಬೆಳಿಗ್ಗೆ ಉಪ್ಪು ಕಾಣುವುದಿಲ್ಲ, ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲಿ ಕುಡಿದರೂ ಉಪ್ಪೇ. ಉಪ್ಪು ನೀರೇ ಆಯಿತಾ, ಒಳಗೆ ಬೇರೆಯಾಗಿಯೇ ಇದೆಯಾ? ಜೀವ ಬ್ರಹ್ಮವೇನಾ, ಬೇರೆಯಾ ಅನ್ನುವ ಜಗಳ ಅಲ್ಲೇ ಇದೆ. ನನಗೆ ಶಂಕರರು ಬಿಡಿಸಿದ್ದು ಸಹಜ ಅನಿಸುತ್ತದೆ, ಆದರೆ ಮಧ್ವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಈ ಖಂಡಕ್ಕೆ ಇಬ್ಬರ ಭಾಷ್ಯವನ್ನೂ ಅಕ್ಕಪಕ್ಕ ಇಟ್ಟು ಓದಿ, ಉಳಿದದ್ದು ಆಮೇಲೆ.